ಸರ್ಕಾರದ ಲೆಕ್ಕದಲ್ಲಿ ಸಣ್ಣ ಕಾರು

ನಮ್ಮ ಮನೆಯ ಖರ್ಚಿನ ಜಗಳಗಳಲ್ಲಿ ಪಾತ್ರಹಂಚಿಕೆ ಮೊದಲೇ ಆಗಿಹೋಗಿದೆ. ಆಸೆಯ ಪಾರ್ಟು ನನ್ನದು, ಬುದ್ಧಿಯ ಪಾರ್ಟು ಹೆಂಡತಿಯದು. ಹೊಸ ಕಾರಿನ ಮಾತು ಬಂದಾಗ ಮಾತ್ರ ಯಾರೋ ವೇಷ ಅದಲುಬದಲು ಮಾಡಿಟ್ಟಿದ್ದರು. ನಾನು ಎರ್ಟಿಗಾ ಎಂದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ, ಸೊಪ್ಪಿನವಳ ಹತ್ತಿರ ಎರಡು ರೂಪಾಯಿಯನ್ನೂ ಬಿಡದ ನನ್ನ ಹೆಂಡತಿ, ಚಹಾದ ಲೋಟ ಕೆಳಗಿಡದೆ ‘ಥಾರ್’ ಎಂದಳು.

ಎರ್ಟಿಗಾ ಯಾಕೆ ಬೇಕು ಎನ್ನುವುದಕ್ಕೆ ನನ್ನಲ್ಲಿದ್ದ ಕಾರಣ ಒಂದೇ: ಹರಿಹರ. ಅವಳ ತವರು ಅಲ್ಲಿದೆ. ದಾವಣಗೆರೆಯಿಂದ 14 ಕಿಲೋಮೀಟರು. ನೆಂಟಸ್ತನದ ದೃಷ್ಟಿಯಿಂದ ಇದಕ್ಕಿಂತ ಅಪಾಯದ ಅಂತರ ಇನ್ನೊಂದಿಲ್ಲ. ನೆಂಟರು ಬೆಂಗಳೂರಿನಲ್ಲಿದ್ದರೆ ಹಬ್ಬಕ್ಕೊಮ್ಮೆ ಬಂದು ಹೋಗುತ್ತಾರೆ. ಪಕ್ಕದ ಬೀದಿಯಲ್ಲಿದ್ದರೆ ನಡೆದೇ ಹೋಗುತ್ತಾರೆ. 14 ಕಿಲೋಮೀಟರಿನವರನ್ನು ಹೋಗಿ ಕರೆತರಬೇಕು, ಊಟ ಹಾಕಬೇಕು, ‘ಇಷ್ಟು ಹೊತ್ತಿನಾಗ ಬಸ್ಸು ಎಲ್ಲಿ ಸಿಗ್ತದೆ’ ಎಂದು ಅವರು ಹೇಳುವ ಮೊದಲೇ ನಾವೇ ಹೇಳಿ, ವಾಪಸ್ ಬಿಟ್ಟು ಬರಬೇಕು. ಇಂಥ ಊರಿಗೆ ಅಳಿಯನಾದವನು ಏಳು ಸೀಟಿಗಿಂತ ಕಡಿಮೆ ಯೋಚಿಸಬಾರದು.

‘ಮತ್ತೆ ದುಗ್ಗಮ್ಮನ ಜಾತ್ರೆ?’ ಎಂದು ನನ್ನ ದೊಡ್ಡ ಅಸ್ತ್ರವನ್ನೇ ಬಿಟ್ಟೆ. ಜಾತ್ರೆಯೆಂದರೆ ದಾವಣಗೆರೆಯಲ್ಲಿ ಮನೆಗಳ ಗೋಡೆ ಹಿಗ್ಗುವ ಕಾಲ. ಗುರುತೇ ಸಿಗದ ನೆಂಟರೂ ನಮ್ಮ ಮನೆಯ ಚಾಪೆ ಎಲ್ಲಿದೆಯೆಂದು ತಿಳಿದುಕೊಂಡೇ ಬಂದಿರುತ್ತಾರೆ.

ಹೆಂಡತಿ ಅಸ್ತ್ರವನ್ನು ಕೈಯಲ್ಲೇ ಹಿಡಿದಳು. ‘ಜಾತ್ರೆ ಎರಡು ವರ್ಷಕ್ಕೊಮ್ಮೆ. ಉಳಿದ ದಿನ ಆ ಹಿಂದಿನ ಸೀಟಿನಾಗ ಯಾರ್ ಕೂರ್ತಾರೆ? ಖಾಲಿ ಸೀಟಿಗೂ ಇಎಂಐ ಕಟ್ಟಬೇಕಲ್ರಿ.’

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಇರುವುದು ಸಾಧ್ಯವೂ ಇಲ್ಲ. ನಮ್ಮ ದೇಶದ ರಸ್ತೆಗಳಲ್ಲಿ ಓಡಾಡುವ ದೊಡ್ಡ ಕಾರುಗಳ ಒಳಗೆ ಇಣುಕಿದರೆ ಡ್ರೈವ್ ಮಾಡುವವನೊಬ್ಬ, ಪಕ್ಕದಲ್ಲಿ ಅವನ ಟಿಫಿನ್ ಕ್ಯಾರಿಯರ್ ಒಂದು. ಉಳಿದ ಸೀಟುಗಳೆಲ್ಲ ಬಾರದ ನೆಂಟರಿಗಾಗಿ ಕಾದಿರಿಸಿದವು.

ಶೋರೂಮಿನ ಹುಡುಗ ಎರ್ಟಿಗಾದ ಡಿಕ್ಕಿ ತೆರೆದು, ಮೂರೂ ಸಾಲು ಸೀಟು ಎತ್ತಿದ್ದರೆ 209 ಲೀಟರ್ ಜಾಗ ಸರ್ ಎಂದ. ಡಿಕ್ಕಿಯನ್ನು ಲೀಟರಿನಲ್ಲಿ ಯಾಕೆ ಅಳೆಯುತ್ತಾರೋ ಬೇರೆ ಊರಿನವರಿಗೆ ಗೊತ್ತಾಗದಿರಬಹುದು. ಮಂಡಕ್ಕಿಯನ್ನು ತೂಗದೆ ಸೇರಿನಲ್ಲಿ ಅಳೆದು ಕೊಂಡು ಬೆಳೆದ ನಮಗೆ ಅದು ಸಹಜ. ನನ್ನ ತಾಯಿ ಬಗ್ಗಿ ನೋಡಿ, ‘ಒಂದು ಚೀಲ ಮಂಡಕ್ಕಿ ಇಟ್ಟರೆ ಮುಗೀತು. ಬಟ್ಟೆಬರೆ ತೊಡೆ ಮೇಲೆ’ ಎಂದು ತೀರ್ಪು ಕೊಟ್ಟರು. ಏಳು ಜನ ಕೂತರೆ ಸಾಮಾನಿಗೆ ಜಾಗವಿಲ್ಲ, ಸಾಮಾನಿಟ್ಟರೆ ಏಳು ಜನರಿಗೆ ಜಾಗವಿಲ್ಲ. ನನ್ನ ಪಕ್ಷ ಅಲ್ಲೇ ಸ್ವಲ್ಪ ಕುಸಿಯಿತು.

ಇನ್ನೊಂದು ಹೆದರಿಕೆಯೂ ಇತ್ತು. ಬಿಳಿ ಎರ್ಟಿಗಾ ಇಟ್ಟುಕೊಂಡ ಗೆಳೆಯನೊಬ್ಬ ಹರಿಹರದ ಬಸ್ ಸ್ಟ್ಯಾಂಡ್ ಹತ್ತಿರ ಗಾಡಿ ನಿಲ್ಲಿಸಿ ಫೋನಿನಲ್ಲಿ ಮಾತಾಡುತ್ತಿದ್ದಾಗ, ಇಬ್ಬರು ಹಿಂದಿನ ಬಾಗಿಲು ತೆಗೆದು ಕೂತು, ‘ಹರಪನಹಳ್ಳಿಗೆ ಎಷ್ಟ್ರಿ?’ ಎಂದು ಕೇಳಿದರಂತೆ. ಬಿಳಿ ಬೋರ್ಡು ಹಳದಿ ಬೋರ್ಡು ನೋಡುವ ಪುರುಸೊತ್ತು ಯಾರಿಗಿದೆ? ಸಂಕೋಚದ ಸ್ವಭಾವದವನು, ಬಿಟ್ಟೂ ಬಂದನೋ ಏನೋ, ಆ ಭಾಗವನ್ನು ಅವನು ಹೇಳುವುದಿಲ್ಲ.

ಥಾರ್‌ನ ಟೆಸ್ಟ್ ಡ್ರೈವಿಗೆ ತಾಯಿಯೂ ಬಂದರು. ಅವರ ಮಂಡಿನೋವೇ ನನ್ನ ಕೊನೆಯ ಭರವಸೆಯಾಗಿತ್ತು. ನೆಲದಿಂದ ಅಷ್ಟು ಎತ್ತರದ ಗಾಡಿಯನ್ನು ಅವರು ಹತ್ತಲಾರರು. ಹತ್ತದಿದ್ದರೆ ವಿಷಯ ಮುಗಿಯಿತು. ಅವರು ಹುಡುಗನಿಂದ ಒಂದು ಸ್ಟೂಲು ತರಿಸಿದರು, ಕಂಬಿ ಹಿಡಿದರು, ‘ಶಿವನೇ’ ಎಂದರು, ಮುಂದಿನ ಸೀಟಿನಲ್ಲಿ ವಿರಾಜಮಾನರಾದರು. ದೊಡ್ಡಬಾತಿ ಬರುವ ಹೊತ್ತಿಗೆ ಅವರ ಮುಖದಲ್ಲಿ ಮದುವಣಗಿತ್ತಿಯ ಕಳೆ. ‘ಇಲ್ಲಿಂದ ಎಲ್ಲಾರ ಕಾಂಪೌಂಡ್ ಒಳಗೂ ಕಾಣ್ತದೆ ನೋಡು’ ಎಂದರು. ಒಬ್ಬ ಹಿರಿಯ ಹೆಂಗಸಿಗೆ ಕಾರಿನಿಂದ ಇದಕ್ಕಿಂತ ದೊಡ್ಡ ಉಪಯೋಗವೇನು ಬೇಕು? ಹೆಂಡತಿ ಸ್ಟೀರಿಂಗ್ ಹಿಡಿದು ಲಾರಿಗಳನ್ನು ಸಮಸಮನಾಗಿ ನೋಡುತ್ತಿದ್ದಳು. ಮುಂದಿನ ಸೀಟು ಮಡಚಿದ ಸಂದಿಯಿಂದ ನುಸುಳಿ ಹಿಂದೆ ಕೂತಿದ್ದವನು ನಾನು.

ಇಷ್ಟಾದರೂ ನಾನು ಸೋಲೊಪ್ಪಲಿಲ್ಲ. ಮಾವನನ್ನು ಕರೆಸಿದೆ. ಅವರು ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇಥ್ ಯಂತ್ರಗಳ ನಡುವೆ ಸರ್ವಿಸ್ ಮುಗಿಸಿದವರು. 1941ರಲ್ಲಿ ಶುರುವಾದ ಆ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದೆ. ಅದರ ಶಿಸ್ತು ಮಾತ್ರ ಹರಿಹರದ ಹಿರಿಯರ ಕೈಯಲ್ಲಿ ಹಾಗೇ ಉಳಿದಿದೆ. ಮಾವ ಚಪಾತಿಯನ್ನೂ ದಪ್ಪ ನೋಡಿಯೇ ಮುರಿಯುವವರು. ಅಂಥ ಮನುಷ್ಯ ಥಾರ್ ಎಂಬ ಮೋಜಿಗೆ ಒಪ್ಪುವುದುಂಟೆ?

ಮಾವ ಬಂದವರೇ ಕಾರಿನ ವಿಷಯ ಬಿಟ್ಟು ನಮ್ಮ ಪೋರ್ಟಿಕೋಗೆ ಟೇಪು ಹಿಡಿದರು. ಗೇಟಿನಿಂದ ಗೋಡೆಗೆ ಸರಿಯಾಗಿ 14 ಅಡಿ. ಚೀಟಿಯಲ್ಲಿ ಬರೆದುಕೊಂಡರು: 4267 ಮಿಲಿಮೀಟರು. ಎರ್ಟಿಗಾದ ಉದ್ದ 4435.

‘168 ಮಿಲಿಮೀಟರು ಬೀದಿಯಲ್ಲಿ ಇರ್ತದೆ ಅಳಿಯಂದಿರೇ. ಗಾಡಿ ಒಳಗೆ ಬರ್ತದೆ, ಗೇಟು ಹಾಕ್ಲಿಕ್ಕೆ ಬರೋದಿಲ್ಲ.’

ಥಾರ್ 3985. ಗೇಟು ಹಾಕಿದ ಮೇಲೂ ತುಳಸಿ ಕುಂಡಕ್ಕೆ ಜಾಗವಿತ್ತು.

ರಾಜಿಗೆ ಒಂದು ದಾರಿ ನನಗೆ ಹೊಳೆದಿದ್ದು ಹರಿಹರದ ದೇವಸ್ಥಾನದಲ್ಲೇ. ಹೊಯ್ಸಳ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ. ಒಂದೇ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ. ಹರಿಯಿಂದಲೂ ಹರನಿಂದಲೂ ಸಾವಿಲ್ಲವೆಂದು ವರ ಪಡೆದ ಗುಹಾಸುರನನ್ನು ಮುಗಿಸಲು ಇಬ್ಬರೂ ಒಂದಾದ ಕಥೆ ಅಲ್ಲಿ ಮಕ್ಕಳಿಗೂ ಗೊತ್ತು. ಅರ್ಧ ಸಂಸಾರ, ಅರ್ಧ ಮೋಜು ಇರುವ ಕಾರು ಇಲ್ಲವೇ? ಇದೆ. ಐದು ಬಾಗಿಲಿನ ಥಾರ್ ರಾಕ್ಸ್, 2024ರ ಆಗಸ್ಟ್ 15ರಂದು ಬಂದದ್ದು. ಹಿಂದೆ ಕೂರುವವರು ಮನುಷ್ಯರಂತೆ ಬಾಗಿಲು ತೆಗೆದು ಹತ್ತಬಹುದು. ಉತ್ಸಾಹದಿಂದ ಮಾವನಿಗೆ ಫೋನು ಮಾಡಿದೆ. ‘ಉದ್ದ ಎಷ್ಟು?’ ಎಂದಷ್ಟೇ ಕೇಳಿದರು. 4428. ‘161 ಹೊರಗೆ’ ಎಂದು ಫೋನಿಟ್ಟರು. ಬೆಲೆಯ ಬಗ್ಗೆ ಅವರು ಕೇಳಲೇ ಇಲ್ಲ. ಕೇಳಿದ್ದರೂ ಗೇಟು ಹಾಕಿದಂತೆಯೇ ಆಗುತ್ತಿತ್ತು.

ಕೊನೆಯ ಏಟು ಬಿದ್ದದ್ದು ದೆಹಲಿಯಿಂದ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತಲ್ಲ, ಹೆಂಡತಿ ಪೇಪರನ್ನು ನನ್ನ ಉಪ್ಪಿಟ್ಟಿನ ತಟ್ಟೆಯ ಪಕ್ಕ ಹರಡಿದಳು. ಉದ್ದ 4 ಮೀಟರಿನೊಳಗೆ, ಎಂಜಿನ್ ಪೆಟ್ರೋಲಾದರೆ 1200, ಡೀಸೆಲ್ಲಾದರೆ 1500 ಸಿಸಿಯೊಳಗೆ ಇದ್ದರೆ ಅದು ಸಣ್ಣ ಕಾರು, ತೆರಿಗೆ ಶೇ 18. ಮೀರಿದರೆ ಶೇ 40. ಮೂರು ಬಾಗಿಲಿನ ಥಾರ್‌ನ 1.5 ಲೀಟರ್ ಡೀಸೆಲ್ ಗಾಡಿ 18ರ ಸಾಲಿನಲ್ಲಿ. ತಾಯಿ, ತವರು, ತೊಟ್ಟಿಲು ಎಲ್ಲವನ್ನೂ ಹೊತ್ತು ಸಾಗುವ ನನ್ನ ಎರ್ಟಿಗಾ 40ರ ಸಾಲಿನಲ್ಲಿ! ಲಾರಿಯ ಎತ್ತರಕ್ಕೆ ಸವಾಲು ಹಾಕುವ ಗಾಡಿ ಭಾರತ ಸರ್ಕಾರದ ದೃಷ್ಟಿಯಲ್ಲಿ ಸಣ್ಣದು, ಸಂಸಾರದ ಗಾಡಿ ಶೋಕಿ. ಒಂದು ಲೆಕ್ಕದಲ್ಲಿ ಸರಿಯೇ. ಏಳು ಜನರ ಸಂಸಾರ ಈ ಕಾಲದಲ್ಲಿ ಶೋಕಿಯಲ್ಲದೆ ಮತ್ತೇನು?

‘ಆ ತೆರಿಗೆಯ ಗಾಡಿಯಲ್ಲಿ ಎಂಜಿನ್ನಿನ ಬಲ ಹಿಂದಿನ ಎರಡೇ ಚಕ್ರಕ್ಕೆ ಹೋಗೋದು, ಗೊತ್ತಾ? ಬೆಟ್ಟ ಹತ್ತೋ ಥಾರ್ ಅಲ್ಲ ಅದು’ ಎಂದು ಚುಚ್ಚಿದೆ.

‘ದಾವಣಗೆರೆಯಾಗ ಬೆಟ್ಟ ಎಲ್ಲೈತ್ರಿ?’ ಎಂದಳು.

ಬುಕಿಂಗ್ ಆಗಿದೆ. ಬಣ್ಣ ಕೆಂಪು, ಆರಿಸಿದವರು ತಾಯಿ. ಹರಿಹರದ ಬಂಧುಗಳಲ್ಲಿ ಒಂದು ವಿನಂತಿ: ಗಾಡಿಗೆ ಇರುವುದು ನಾಲ್ಕೇ ಸೀಟು, ಅದರಲ್ಲಿ ಮೂರು ಈಗಾಗಲೇ ನಮ್ಮವು. ನಾಲ್ಕನೆಯದಕ್ಕೆ ಮಾವನ ಹೆಸರಿದೆ. ಉಳಿದವರು ಜಾತ್ರೆಗೆ ದಯವಿಟ್ಟು ರೈಲಿನಲ್ಲಿ ಬನ್ನಿ, ಊಟ ನಮ್ಮಲ್ಲೇ.