ಪರಿಸರಪ್ಪನ ಫೀಲ್ಡ್‌ವರ್ಕ್

ತಲೆಗೆ ಅಗಲ ಅಂಚಿನ ಟೋಪಿ, ಕೊರಳಲ್ಲಿ ಬೈನಾಕ್ಯುಲರ್, ಪ್ಯಾಂಟಿನ ತುಂಬ ಜೇಬು, ಹೆಗಲ ಚೀಲದಲ್ಲಿ ಖಾಲಿ ಬಾಟಲಿಗಳ ಖಣಖಣ. ಕಲಬುರಗಿ ಬಸ್ಸಿನಿಂದ ಇಂಥವನೊಬ್ಬ ದೇವದುರ್ಗದಲ್ಲಿ ಇಳಿದರೆ ಅವನು ಪರಿಸರಪ್ಪ. ಹೆತ್ತವರು ಇಟ್ಟ ಹೆಸರು ಬೇರೆ ಇದ್ದೇ ಇರುತ್ತದೆ, ಅದು ಮಾರ್ಕ್ಸ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಮಾನ್ವಿಗೂ ಇವನಂಥವನೊಬ್ಬ ಇದ್ದಾನೆ, ಲಿಂಗಸುಗೂರಿಗೂ ಇದ್ದಾನೆ.

ಇವನು ಹೀಗಾಗಲು ಕಾರಣ ದಿಲ್ಲಿಯ ಒಬ್ಬ ವಕೀಲರು. ಎಂ.ಸಿ. ಮೆಹ್ತಾ ಸುಪ್ರೀಂ ಕೋರ್ಟಿನ ಬಾಗಿಲು ಬಡಿದರು. 1991ರಲ್ಲಿ ಕೋರ್ಟು, ಶಾಲೆ ಕಾಲೇಜುಗಳಲ್ಲಿ ಪರಿಸರ ಕಲಿಸಿ ಎಂದಿತು. ಕೋರ್ಟು ಹೇಳಿದ್ದು ಕಾಲೇಜಿಗೆ ಕೇಳಿಸಲು ಹತ್ತು ವರ್ಷದ ಮೇಲೆ ಬೇಕಾಯಿತು. ಕಡೆಗೆ ಯುಜಿಸಿ ಎಲ್ಲ ಪದವಿಗೂ ಒಂದೇ ಪಠ್ಯಕ್ರಮ ಮಾಡಿತು. ಒಟ್ಟು 50 ಪಾಠ, ಅದರಲ್ಲಿ 5 ಪಾಠದಷ್ಟು ಹೊತ್ತು ಫೀಲ್ಡ್‌ವರ್ಕ್, ಅದಕ್ಕೆ 100ರಲ್ಲಿ 25 ಅಂಕ ಎಂದು ಗೊತ್ತುಮಾಡಿತು. ಹತ್ತರಲ್ಲೊಂದು ಪಾಲು ಬಿಸಿಲಿಗೆ ನಾಲ್ಕರಲ್ಲೊಂದು ಪಾಲು ಅಂಕ ಅಂದರೆ ದರ ಕೆಟ್ಟದ್ದೇನಲ್ಲ. ಆದರೂ ಹೆಚ್ಚಿನವರು ಆ ಅಂಕಗಳನ್ನು ಝೆರಾಕ್ಸ್ ಅಂಗಡಿಯ ನೆರಳಲ್ಲೇ ಗಳಿಸುವುದು. ‘ಕೆರೆಯ ಪರಿಸರ ವ್ಯವಸ್ಥೆ’ ಎಂಬ ವರದಿ ಸೀನಿಯರ್‌ನಿಂದ ಜೂನಿಯರ್‌ಗೆ ಆಸ್ತಿಯ ಹಾಗೆ ಇಳಿದು ಬರುತ್ತದೆ. ಅದರೊಳಗೊಂದು ಕಪ್ಪೆಯ ಚಿತ್ರ. ಪ್ರತಿಯ ಪ್ರತಿಯ ಪ್ರತಿಯಾಗಿ ಅದೀಗ ಕಪ್ಪೆಯೋ ಕಲ್ಲೋ ಮೇಷ್ಟ್ರಿಗೂ ತಿಳಿಯದು. ಅಂಕ ಮಾತ್ರ ತಪ್ಪದೆ ಬೀಳುತ್ತದೆ.

ನಮ್ಮ ಪರಿಸರಪ್ಪ ಮಾತ್ರ, ನಿಜವಾದ ಕಪ್ಪೆ ಹೇಗಿರುತ್ತದೆಂದು ನೋಡಲು ಕೆರೆಗೇ ಹೋದ. ಕೆಟ್ಟದ್ದೇ ಅಲ್ಲಿ. ಬಿ.ಎಸ್ಸಿ. ಮುಗಿಸಿ ಬಿ.ಇಡಿ. ಮಾಡು ಎಂದ ಮಾವನ ಮಾತು ಮೀರಿ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗೆಯಲ್ಲಿ ಎಂ.ಎಸ್ಸಿ. ಪರಿಸರ ವಿಜ್ಞಾನಕ್ಕೆ ಸೇರಿಬಿಟ್ಟ.

ಅಲ್ಲಿ ಕಲಿತ ಮೇಲೆ ಅವನಿಗೆ ಊರು ಊರಾಗಿ ಕಾಣುವುದಿಲ್ಲ, ‘ಸ್ಟಡಿ ಏರಿಯಾ’ ಆಗಿ ಕಾಣುತ್ತದೆ. ಹಳ್ಳ ಜಲಾನಯನವಾಯಿತು, ತಿಪ್ಪೆ ಜೈವಿಕ ತ್ಯಾಜ್ಯವಾಯಿತು. ಬಳ್ಳಾರಿ ಜಾಲಿ ಕಂಡರೆ ‘ಆಕ್ರಮಣಕಾರಿ ಪ್ರಭೇದ, ದಕ್ಷಿಣ ಅಮೆರಿಕದ್ದು’ ಎಂದು ಹಲ್ಲು ಕಡಿಯುತ್ತಾನೆ. ಅವನ ಅವ್ವ ಬೆಳಗಿನ ಚಹಾ ಕಾಸಿದ್ದು ಅದರ ಕಟ್ಟಿಗೆಯಿಂದಲೇ. ಹೊರದೇಶಗಳಲ್ಲಿ ವಿಶ್ವವಿದ್ಯಾಲಯದವರೇ ಹುಡುಗರನ್ನು ಹಿಮದಲ್ಲಿ, ಕಾಡಿನಲ್ಲಿ ಟೆಂಟು ಹಾಕಿಸಿ ಹೊರಾಂಗಣ ಶಿಕ್ಷಣ ಕೊಡುತ್ತಾರಂತೆ. ಅದನ್ನು ಇವನು ಮೊಬೈಲಿನಲ್ಲಿ ನೋಡಿ ನಿಟ್ಟುಸಿರು ಬಿಡುತ್ತಾನೆ. ರಾಯಚೂರು ಸೀಮೆಯ ಮೇ ತಿಂಗಳಲ್ಲಿ ಟೆಂಟು ಹಾಕಿದರೆ ಒಳಗೆ ಮಲಗಿದವನು ಹಪ್ಪಳವಾಗುತ್ತಾನೆ. ಹಾಗಾಗಿ ಹೊರಾಂಗಣ ಬೆಳಿಗ್ಗೆ ಒಂಬತ್ತಕ್ಕೇ ಮುಗಿದು, ಆಮೇಲೆ ಫ್ಯಾನಿನ ಕೆಳಗೆ ಅಂಗಾತ ಮಲಗಿ ಜಾಗತಿಕ ತಾಪಮಾನದ ಅಧ್ಯಯನ ನಡೆಯುತ್ತದೆ. ಆ ಫ್ಯಾನಿಗೂ ಕರೆಂಟು ಬೇಕಲ್ಲ, ಅದಕ್ಕೇ ಶಕ್ತಿನಗರದ 1,720 ಮೆಗಾವಾಟ್ ಸ್ಥಾವರ ಕಲ್ಲಿದ್ದಲು ಸುಡುತ್ತಿದೆಯೆಂದು ನೆನಪಿಸಿದರೆ, ‘ಅದರ ಹಾರುಬೂದಿ ಮ್ಯಾಲೇ ನಂದೊಂದು ಸೆಮಿನಾರ್ ಐತ್ರಿ’ ಎಂದು ಮಗ್ಗಲು ಬದಲಿಸುತ್ತಾನೆ.

ಅವನನ್ನು ನೋಡಬೇಕಾದದ್ದು ಹೊಲದಲ್ಲಿ. ಸಸ್ಯವೈವಿಧ್ಯ ಎಣಿಸಲೆಂದು ಒಮ್ಮೆ ಹತ್ತಿ ಹೊಲದಲ್ಲಿ ನಾಲ್ಕು ಗೂಟ ಬಡಿದು, ಹಗ್ಗ ಸುತ್ತಿ, ಒಂದು ಮೀಟರಿನ ಚೌಕ ಮಾಡಿದ. ಅದಕ್ಕೆ ಕ್ವಾಡ್ರಾಟ್ ಎನ್ನುತ್ತಾರೆ. ಒಳಗೇನಿದೆಯೋ ಅದನ್ನೆಲ್ಲ ಹೆಸರು ಹಿಡಿದು ಎಣಿಸಬೇಕು. ಮೊಣಕಾಲೂರಿ ಕೂತು, ಕನ್ನಡಕ ಒರೆಸಿಕೊಂಡು, ‘ಪೋರ್ಚುಲಾಕಾ ಒಲೆರೇಸಿಯಾ’ ಎಂದು ಬರೆಯುವಷ್ಟರಲ್ಲಿ ಕಳೆ ತೆಗೆಯುವವರ ಸಾಲು ಅವನ ಚೌಕಕ್ಕೆ ಬಂತು. ಎಲ್ಲರಿಗಿಂತ ಮುಂದಿದ್ದಾಕೆ ಹಗ್ಗದೊಳಗೆ ಕುರ್ಚಿಗಿ ಆಡಿಸಿ ಒಂದೇ ಉಸಿರಿಗೆ ನೆಲ ಹಸನು ಮಾಡಿದಳು.

‘ಯವ್ವಾ, ಅದು ನನ್ನ ಸ್ಯಾಂಪಲ್!’

‘ಇದು ಗೋಳಿ ಪಲ್ಯ ಅಲ್ಲೇನೋ ತಮ್ಮ. ಬ್ಯಾಳಿ ಹಾಕಿ ಮಾಡಿದ್ರ ರೊಟ್ಟಿಗೆ ಭಾಳ ಚಲೋ ಆಗ್ತೈತಿ’ ಎಂದು ಪೋರ್ಚುಲಾಕಾವನ್ನು ಉಡಿಗೆ ಹಾಕಿಕೊಂಡು ಮುಂದೆ ಹೋದಳು. ಹೋಗುತ್ತ, ಅವನು ಕಾಣದೇ ಬಿಟ್ಟಿದ್ದ ಹತ್ತರಕಿ, ಉತ್ತರಾಣಿ, ಕರಿಕಿಯನ್ನೂ ತೋರಿಸಿ ಹೆಸರು ಹೇಳಿದಳು. ಪರಿಸರಪ್ಪ ಅವನ್ನೆಲ್ಲ ಬರೆದುಕೊಂಡ. ವರದಿಯ ಕೃತಜ್ಞತೆಯ ಪುಟದಲ್ಲಿ ಮಾತ್ರ ಗೈಡ್, ವಿಭಾಗದ ಮುಖ್ಯಸ್ಥರು, ಟೈಪ್ ಮಾಡಿದವರು ಇಷ್ಟೇ ಜನ.

ನೀರಿನ ಪರೀಕ್ಷೆಯಲ್ಲಿ ಅವನು ಇನ್ನೂ ಕಟ್ಟುನಿಟ್ಟು. ಕೃಷ್ಣೆಯ ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟೆಂದು ಅಳೆಯಬೇಕು. ಬಾಟಲಿಯಲ್ಲಿ ಒಂದು ಗುಳ್ಳೆಯೂ ಸೇರಬಾರದು; ದಂಡೆಯ ಮೇಲೇ ಮ್ಯಾಂಗನೀಸ್ ಸಲ್ಫೇಟ್, ಕ್ಷಾರೀಯ ಅಯೊಡೈಡ್ ಹನಿಸಿ ಆಮ್ಲಜನಕವನ್ನು ಕಟ್ಟಿಹಾಕಬೇಕು. ಪ್ಯಾಂಟು ಮಡಚಿ ಒಂದು ಕಾಲು ನೀರಿಗಿಟ್ಟಾಗ ಕುರಿ ಕಾಯುವವನೊಬ್ಬ ಬೀಡಿ ಹಚ್ಚುತ್ತ, ‘ಅಲ್ಲಿ ಮೊಸಳಿ ಐತಿ’ ಎಂದ. ಕೃಷ್ಣೆಯ ಈ ದಂಡೆಯಲ್ಲಿ ಆ ಮಾತನ್ನು ಯಾರೂ ತಮಾಷೆಗೆ ಆಡುವುದಿಲ್ಲ. ಸ್ಯಾಂಪಲ್ಲು ನಾರಾಯಣಪುರ ಬಲದಂಡೆ ಕಾಲುವೆಯಿಂದ ಬಂತು, ಲೇಬಲ್ಲಿನಲ್ಲಿ ‘ಕೃಷ್ಣಾ’ ಎಂದಾಯಿತು. ಪೂರಾ ಸುಳ್ಳೆನ್ನಲೂ ಬಾರದು. ಕಾಲುವೆಗೆ ನೀರು ಬರುವುದು ಬಸವಸಾಗರದಿಂದ, ಬಸವಸಾಗರ ಇರುವುದು ಕೃಷ್ಣೆಗೆ ಅಡ್ಡಲಾಗಿ.

ಜೂನ್ 5, ವಿಶ್ವ ಪರಿಸರ ದಿನ, ಇವನ ಯುಗಾದಿ. 1972ರಲ್ಲಿ ಸ್ಟಾಕ್‌ಹೋಮ್‌ನ ವಿಶ್ವಸಂಸ್ಥೆ ಸಮ್ಮೇಳನ ಆ ದಿನ ಶುರುವಾಯಿತೆಂದು ನಾವೂ ಅಂದೇ ಸಸಿ ನೆಡುತ್ತೇವೆ. ಸ್ಟಾಕ್‌ಹೋಮ್‌ನಲ್ಲಿ ಕೂತವರಿಗೆ ಮಿರಗದ ಮಳೆ ಗೊತ್ತಿರಲಿಕ್ಕಿಲ್ಲ. ‘ಎರಡು ದಿನ ತಡಿಯಪಾ, ಮಿರಗ ಕೂಡ್ಲಿ’ ಎಂದ ಮುದುಕರಿಗೆ, ‘ಇಲ್ರಿ ಕಾಕಾ, ದಿನಾಚರಣೆ ಇವತ್ತೇ’ ಎಂದು ಹೇಳಿ ಮೈಕು ಹಿಡಿದ. ‘ಅಶೋಕ ಚಕ್ರವರ್ತಿ ನಮ್ಮ ಮಸ್ಕಿ ಬಂಡಿ ಮ್ಯಾಲೆ ಗಿಡ ಹಚ್ಚ್ರಿ ಅಂತ ಕೆತ್ತಿಸ್ಯಾನ!’ ಚಪ್ಪಾಳೆಯೋ ಚಪ್ಪಾಳೆ. 1915ರಲ್ಲಿ ಸಿಕ್ಕ ಆ ಶಾಸನದಲ್ಲಿ ಅಶೋಕನ ಹೆಸರಿದೆ, ಧರ್ಮದ ಮಾತಿದೆ, ಗಿಡದ ಮಾತಿಲ್ಲ. ದಾರಿಬದಿಗೆ ಆಲದ ಮರ ನೆಡಿಸಿದ್ದನ್ನು ಅವನು ಕೆತ್ತಿಸಿದ್ದು ಈಗ ದಿಲ್ಲಿಯಲ್ಲಿರುವ ಕಂಬದ ಮೇಲೆ. ಚಪ್ಪಾಳೆ ಬೀಳುವಾಗ ಇದನ್ನೆಲ್ಲ ಎತ್ತುವುದು ಒಳ್ಳೆಯ ನಡತೆಯಲ್ಲ. ಒಂದು ಮಾತು ಒಪ್ಪಬೇಕು: ಭಾಷಣಕ್ಕೆ ಬಂದವರೆಲ್ಲ ಜೀಪು ಹತ್ತಿದ ಮೇಲೆ, ಮಳೆ ಬರುವವರೆಗೂ ಅಂದು ನೆಟ್ಟ ಬೇವಿನ ಸಸಿಗೆ ಕೊಡದಲ್ಲಿ ನೀರು ಹೊತ್ತವನು ಇವನೊಬ್ಬನೇ.

ರಜೆ ಮುಗಿದು ಚೀಲ ಕಟ್ಟುವಾಗ ಪಕ್ಕದ ಮನೆಯಾಕೆ ಕೇಳಿದಳು, ‘ಇಷ್ಟೆಲ್ಲ ಓದಿ ಏನಾಗ್ತಿಯಪಾ?’

‘ಪರಿಸರ ಅಧಿಕಾರಿ ಅಕ್ಕಾ. ಮಾಲಿನ್ಯ ನಿಯಂತ್ರಣ ಮಂಡಳಿಯಾಗ.’

‘ಚಲೋ ಆತು ಬಿಡು. ಹಂಗಾದ್ರ ನಮ್ಮ ಮನಿ ಮುಂದಿನ ಗಟಾರ ಒಂಚೂರು ನೋಡು, ಹದಿನೈದು ದಿನದಿಂದ ತುಂಬಿ ನಿಂತೈತಿ.’

ಪರಿಸರಪ್ಪ ಟೋಪಿ ಸರಿಮಾಡಿಕೊಂಡು, ಬಗ್ಗಿ, ಗಟಾರವನ್ನು ಎರಡೂ ಕಡೆಯಿಂದ ಪರಿಶೀಲಿಸಿದ. ಒಂದು ಬಾಟಲಿ ತುಂಬಿಕೊಂಡು ಲೇಬಲ್ ಹಚ್ಚಿದ.

‘ಇದು ಪುರಸಭೆ ವ್ಯಾಪ್ತಿ ಅಕ್ಕಾ’ ಎಂದು ಬಸ್ಸಿಗೆ ಹೊರಟ.