ಉಲ್ಟಾ ಓಡಿದ ಹಲ್ಲಿ

ಹುಲಿಗೆ ಹೆದರುವವನಿಗೆ ಲೋಕದಲ್ಲಿ ಮರ್ಯಾದೆಯಿದೆ. ಹಲ್ಲಿಗೆ ಹೆದರುವವನಿಗೆ ಇಲ್ಲ. ಅದರಲ್ಲೂ ಮೀಸೆ ಬಿಟ್ಟು, ಮನೆಸಾಲದ ಕಂತು ಕಟ್ಟುತ್ತಿರುವ ಗಂಡಸು ‘ಅಯ್ಯಯ್ಯೋ’ ಎಂದು ಸೋಫಾ ಹತ್ತಿದರೆ ಮಕ್ಕಳು ಕೂಡ ಮೊಬೈಲಿನಿಂದ ತಲೆಯೆತ್ತಿ ನೋಡುತ್ತವೆ. ಯಾರ ಮನೆಗೇ ಹೋಗಲಿ, ನಾನು ಮೊದಲು ಮಾತಾಡಿಸುವುದು ಮನುಷ್ಯರನ್ನಲ್ಲ, ಗೋಡೆಗಳನ್ನು: ಟ್ಯೂಬ್‌ಲೈಟಿನ ಹಿಂದೆ, ಗಡಿಯಾರದ ಕೆಳಗೆ, ತಿಮ್ಮಪ್ಪನ ಫೋಟೋದ ಅಂಚಿನಲ್ಲಿ. ದೇವರಿಗೆ ಕೈಮುಗಿಯುವಾಗಲೂ ಕಣ್ಣು ಮುಚ್ಚುವುದಿಲ್ಲ. ನನ್ನದು ಎಚ್ಚರದ ಭಕ್ತಿ.

ಸಮ್ಮೋಹನ ಮಾಡಿಸಿಕೊಳ್ಳುತ್ತೇನೆ ಎಂದಾಗ ಹೆಂಡತಿ ಗಾಬರಿಬಿದ್ದಳು. ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ ‘ಸ್ತ್ರೀ–ಪುರುಷ ವಶೀಕರಣ’ ಓದುತ್ತ ಬೆಳೆದವರಿಗೆ ಎರಡೂ ಒಂದೇ. “ಯಾರನ್ನ್ರೀ ವಶ ಮಾಡ್ಕೊಳ್ಳೋದು?” ಎಂದಳು. ಹಲ್ಲಿಯ ಹೆಸರು ಕೇಳಿದ ಮೇಲೆ ಸಮಾಧಾನವಾಗಿ ಫೀಸು ತಾನೇ ಕೊಟ್ಟಳು.

ರೋಗಿಯಾಗುವ ಮೊದಲು ಪಂಡಿತರಾಗುವುದು ನಮ್ಮಂಥವರ ಚಟ, ಸಮ್ಮೋಹನದ ಚರಿತ್ರೆ ಓದಿಕೊಂಡೆ. ದೇಹದೊಳಗೆ ಹರಿಯುವ ಅಯಸ್ಕಾಂತದಂಥ ಶಕ್ತಿಯಿಂದ ರೋಗ ವಾಸಿಮಾಡುತ್ತೇನೆಂದು ಫ್ರಾಂಜ್ ಮೆಸ್ಮರ್ ಎಂಬ ವೈದ್ಯ ಪ್ಯಾರಿಸ್ಸನ್ನೇ ಮರುಳು ಮಾಡಿದ್ದ. 1784ರಲ್ಲಿ ಫ್ರಾನ್ಸಿನ ದೊರೆ ತನಿಖೆಗೊಂದು ಸಮಿತಿ ಹಾಕಿದ. ಬೆಂಜಮಿನ್ ಫ್ರಾಂಕ್ಲಿನ್, ಲವಾಸಿಯೆಯಂಥ ಘಟಾನುಘಟಿ ವಿಜ್ಞಾನಿಗಳು ಅದರಲ್ಲಿದ್ದರು. ಫ್ರಾಂಕ್ಲಿನ್ನರ ತೋಟದಲ್ಲಿ ಮೆಸ್ಮರನ ಶಿಷ್ಯನೊಬ್ಬ ಒಂದು ಏಪ್ರಿಕಾಟ್ ಮರಕ್ಕೆ ಶಕ್ತಿ ತುಂಬಿದ. ಹನ್ನೆರಡರ ಹುಡುಗನೊಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ಮರದಿಂದ ಮರಕ್ಕೆ ನಡೆಸಿದರು. ನಾಲ್ಕನೆಯ ಮರದ ಬಳಿ ಹುಡುಗ ಮೂರ್ಛೆ ಹೋದ. ಶಕ್ತಿ ತುಂಬಿದ ಮರ ಅಲ್ಲಿಂದ ಇನ್ನೂ 24 ಅಡಿ ದೂರದಲ್ಲಿತ್ತು!

ಆ ಹುಡುಗನ ಮೇಲೆ ನನಗೆ ಒಡಹುಟ್ಟಿದವನ ಮೇಲಿನಂಥ ಮಮತೆ ಉಕ್ಕಿತು. ಬಚ್ಚಲಗೋಡೆಯ ಮೊಳೆಗೆ ಸಿಕ್ಕಿಸಿದ್ದ ಹೇರ್‌ಕ್ಲಿಪ್ಪನ್ನು ಕಂಡು ಟವೆಲಿನಲ್ಲೇ ನಡುಮನೆಗೆ ಓಡಿಬಂದವನು ನಾನು. ನೆಂಟರಿದ್ದರು. ಅಸಲಿ ಹಲ್ಲಿ ಆ ಹೊತ್ತಿಗೆ ಅಡುಗೆಮನೆಯಲ್ಲಿ ಲೊಚಗುಟ್ಟುತ್ತಿತ್ತು. ಹೆದರುಪುಕ್ಕಲನಿಗೆ ಸಮ್ಮೋಹನವನ್ನು ಯಾರೂ ಕಲಿಸಬೇಕಾಗಿಲ್ಲ, ಆ ವಿದ್ಯೆ ಅವನಿಗೆ ಹುಟ್ಟಿನಿಂದಲೇ ಸಿದ್ಧಿಸಿರುತ್ತದೆ. ಗುರು ಬೇಕಾಗುವುದು ಅದರಿಂದ ಎಚ್ಚರಗೊಳ್ಳಲು.

ಆದರೂ ಒಂದು ಆಸೆ. 1845ರಲ್ಲಿ, ಈಥರ್, ಕ್ಲೋರೋಫಾರ್ಮ್ ಇನ್ನೂ ಬಳಕೆಗೆ ಬಾರದ ಕಾಲದಲ್ಲಿ, ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಸ್ಕಾಟಿಷ್ ಸರ್ಜನ್ ಮೆಸ್ಮರನ ದಾರಿಯಲ್ಲೇ ರೋಗಿಗಳನ್ನು ಮಂಪರಿಗೆ ಇಳಿಸಿ ಗಡ್ಡೆ ಕೊಯ್ಯುತ್ತಿದ್ದ. ಕತ್ತಿಯನ್ನೇ ಮರೆಸುವ ಮಂಪರು ಯಃಕಶ್ಚಿತ್ ಹಲ್ಲಿಯನ್ನು ಮರೆಸದೇ?

ಮರೆಸಲಿಲ್ಲ. “ರೆಪ್ಪೆ ಭಾರ ಆಗ್ತಿದೆ” ಎಂದು ಸಮ್ಮೋಹನಕಾರರು ಇಂಪಾಗಿ ಹೇಳುತ್ತಿದ್ದರೆ, ನನ್ನ ಕಣ್ಣು ಅವರ ನೆತ್ತಿಯ ಮೇಲಿನ ಫಾಲ್ಸ್ ಸೀಲಿಂಗಿನ ಸಂದಿಯಲ್ಲಿತ್ತು. ಕೊನೆಗೆ ಅವರು ಎನ್‌ಎಲ್‌ಪಿ (ನ್ಯೂರೋ-ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್) ತೆಗೆದರು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ರಿಚರ್ಡ್ ಬ್ಯಾಂಡ್ಲರ್ ಮತ್ತು ಜಾನ್ ಗ್ರೈಂಡರ್ ಶುರುಮಾಡಿದ, ತಲೆಯೊಳಗಿನ ಪ್ರೋಗ್ರಾಮನ್ನೇ ತಿದ್ದುತ್ತೇವೆನ್ನುವ ವಿದ್ಯೆ. ವಿಧಾನ ಹೀಗೆ: ನೀವು ಸಿನಿಮಾ ಥಿಯೇಟರಿನಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ನಿಮ್ಮೊಳಗಿಂದ ನೀವೇ ಎದ್ದು ಪ್ರೊಜೆಕ್ಟರ್ ಕೋಣೆಗೆ ಹೋಗಿ, ಕೆಳಗೆ ಕೂತ ನಿಮ್ಮನ್ನು ನೋಡಿ. ಪರದೆಯ ಮೇಲೆ ನಿಮ್ಮನ್ನು ಹೆದರಿಸಿದ ಘಟನೆ ಕಪ್ಪುಬಿಳುಪಿನಲ್ಲಿ ಓಡುತ್ತದೆ. ಮುಗಿದ ಮೇಲೆ ಅದನ್ನೇ ಬಣ್ಣದಲ್ಲಿ, ಜೋರಾಗಿ, ಉಲ್ಟಾ ಓಡಿಸಿ.

ನನ್ನ ತಲೆಯೊಳಗಿದ್ದದ್ದು ಊರ ಜಾತ್ರೆಯ ಟೂರಿಂಗ್ ಟಾಕೀಸು. ಮಧ್ಯದಲ್ಲಿ ರೀಲು ತುಂಡಾಯಿತು, ಗಾಂಧಿಕ್ಲಾಸಿನವರು ಶಿಳ್ಳೆ ಹೊಡೆದರು, ಸೋಡಾ ಮಾರುವವನು ಪರದೆಗೆ ಅಡ್ಡ ಬಂದ. ಅಂತೂ ಉಲ್ಟಾ ಓಡಿತು: ನೆಲದ ಮೇಲೆ ವಿಲವಿಲ ಒದ್ದಾಡುತ್ತಿದ್ದ ಬಾಲ ಎದ್ದುಹೋಗಿ ಹಲ್ಲಿಗೆ ಅಂಟಿತು, ಹಲ್ಲಿ ಹಿಂದುಹಿಂದಕ್ಕೆ ಗೋಡೆ ಹತ್ತಿತು, ನಾನು ಸೋಫಾದಿಂದ ಹಿಂಬದಿಗೆ ಹಾರಿ ಕುರ್ಚಿಯಲ್ಲಿ ಸಭ್ಯನಾಗಿ ಕೂತೆ. ಕಿಸಕ್ಕನೆ ನಕ್ಕುಬಿಟ್ಟೆ. ಅವರು ಅದನ್ನು ಗುಣಲಕ್ಷಣ ಎಂದರು. ನನಗದು ಒಳ್ಳೆಯ ಕಾಮಿಡಿ ಸೀನು ಅನಿಸಿತು, ಅಷ್ಟೆ.

ನನಗೆ ನಂಬಿಕೆ ಬಂದದ್ದು ಇದಕ್ಕಿಂತ ಹಳೆಯ, ಇದಕ್ಕಿಂತ ಬೋರಾದ ದಾರಿಯಲ್ಲಿ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬಾಕೆ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಮಗುವಿಗೆ ಇಷ್ಟದ ತಿಂಡಿ ಕೊಟ್ಟು, ಅದು ತಿನ್ನುತ್ತಿರುವಾಗ ಮೊಲವನ್ನು ಇಷ್ಟಿಷ್ಟೇ ಹತ್ತಿರ ತರುತ್ತ ಭಯ ಬಿಡಿಸಿದರು. ಮುಂದೆ ಜೋಸೆಫ್ ವೋಲ್ಪೆ ಎಂಬ ಮನೋವೈದ್ಯ ಇದಕ್ಕೆ ಮೈ ಸಡಿಲಿಸುವ ಅಭ್ಯಾಸ ಸೇರಿಸಿ, ಮೆಟ್ಟಿಲು ಕಟ್ಟಿ, 1958ರಲ್ಲಿ ಪುಸ್ತಕವನ್ನೇ ಬರೆದ. ನನ್ನ ಮೆಟ್ಟಿಲುಗಳು: ಹಲ್ಲಿಯ ಚಿತ್ರ, ರಬ್ಬರ್ ಹಲ್ಲಿ, ಕಿಟಕಿ ಗಾಜಿನಾಚೆಯ ಹಲ್ಲಿ, ಕೊನೆಗೆ ಒಂದೇ ಕೋಣೆಯಲ್ಲಿ ನಾನೂ ಹಲ್ಲಿಯೂ. ಪ್ರತಿ ಮೆಟ್ಟಿಲಿಗೂ ಕೋಡುಬಳೆ. ಭಯ ಇಳಿಯಿತು, ಪ್ಯಾಂಟು ಬಿಗಿಯಾಯಿತು.

ಮೊನ್ನೆ ಪೇಪರ್ ಓದುತ್ತಿದ್ದಾಗ ಹಲ್ಲಿಯೊಂದು ಹೆಗಲ ಮೇಲೇ ಬಿತ್ತು. ಕೊಡವಿ ಓದು ಮುಂದುವರಿಸಿದೆ. ಅಮ್ಮ ಪಂಚಾಂಗ ಹಿಡಿದು ಓಡಿಬಂದಳು. ಹಲ್ಲಿ ಬಿದ್ದ ಫಲ ಅಂಗಕ್ಕೊಂದು, ಪಕ್ಕಕ್ಕೊಂದು.

“ಎಡಗಡೆಯೋ ಬಲಗಡೆಯೋ?”

“ಗಮನಿಸಲಿಲ್ಲಮ್ಮ.”

“ಮೊದಲೆಲ್ಲ ಬಿದ್ದ ಜಾಗ, ಬಂದ ದಿಕ್ಕು, ಬಾಲದ ಉದ್ದ, ಎಲ್ಲಾ ಹೇಳ್ತಿದ್ದೆ. ದುಡ್ಡು ಕೊಟ್ಟು ಇದ್ದ ಬುದ್ಧೀನೂ ಕಳ್ಕೊಂಡು ಬಂದ್ಯಲ್ಲೋ!” ಎಂದವಳೇ ಬಚ್ಚಲಿಗೆ ಅಟ್ಟಿ, ಎಡಕ್ಕೊಂದು ಸಲ, ಬಲಕ್ಕೊಂದು ಸಲ ತಲೆಗೆ ನೀರು ಹಾಕಿಸಿದಳು.