2 ಕೆವಿಎ ದೊರೆತನ

ಪುನರ್ವಸು ಮಳೆಯಲ್ಲಿ ಕರೆಂಟು ಹೋದರೆ ನಮ್ಮ ಕಡೆ ಯಾರೂ 'ಯಾವಾಗ ಬರ್ತದೆ' ಎಂದು ಕೇಳುವುದಿಲ್ಲ, 'ಎಲ್ಲಿ ಮರ ಬಿತ್ತು' ಎಂದು ಕೇಳುತ್ತಾರೆ. ರಸ್ತೆ ಬದಿಯ ಅಕೇಶಿಯಾ ಆದರೆ ನಾಳೆ. ಕಾಡಿನೊಳಗಿನ ಧೂಪದ ಮರವಾದರೆ ವಾರ. ಇನ್ವರ್ಟರ್ ಇಲ್ಲವೇ ಎನ್ನುವವರು ಬಯಲುಸೀಮೆಯ ನೆಂಟರು. ಬ್ಯಾಟರಿ ತುಂಬಲಿಕ್ಕೂ ಕರೆಂಟೇ ಬೇಕೆಂಬುದು ಅವರಿಗೆ ಹೊಳೆಯುವುದಿಲ್ಲ. ಇನ್ನೊಂದು ಹೊಟ್ಟೆಯುರಿ ಇದೆ. ಹೊಸನಗರದ ಈ ಮೂಲೆಯಲ್ಲಿ ನಮ್ಮ ಹೆಂಚಿನ ಮೇಲೆ ಬಿದ್ದ ನೀರೆಲ್ಲ ಹಳ್ಳ ಹಿಡಿದು ಶರಾವತಿ ಸೇರುತ್ತದೆ, 1964ರಲ್ಲಿ ಕಟ್ಟಿ ಮುಗಿಸಿದ ಲಿಂಗನಮಕ್ಕಿಯಲ್ಲಿ ನಿಲ್ಲುತ್ತದೆ, ಅಲ್ಲಿಂದ ಇಳಿದು 1035 ಮೆಗಾವ್ಯಾಟಿನ ಸ್ಥಾವರ ತಿರುಗಿಸುತ್ತದೆ. ನಮ್ಮ ಸೂರಿನ ನೀರಿನಿಂದ ಬೆಂಗಳೂರಿನಲ್ಲಿ ಯಾರೋ ಲಿಫ್ಟ್ ಹತ್ತುವ ಹೊತ್ತಿಗೆ ಇಲ್ಲಿ ನಾನು ಲಾಟೀನಿನ ಗಾಜು ಒರೆಸುತ್ತಿರುತ್ತೇನೆ.

ಈ ಉರಿಯಲ್ಲೇ ಒಂದು ಜನರೇಟರ್ ತಂದೆ. 2 ಕೆವಿಎ, ಪೆಟ್ರೋಲಿನದು. 'ಮನೆ ಪೂರ್ತಿ ಎಳೀತದೆ ಸಾರ್' ಎಂದ ಅಂಗಡಿಯವನು. ಅವನ ಮನೆ ಎಷ್ಟು ದೊಡ್ಡದೆಂದು ನಾನು ಕೇಳಲಿಲ್ಲ.

ಎಲ್ಲಿಡುವುದು ಎಂಬ ಚರ್ಚೆಯಲ್ಲಿ ನನ್ನ ಹೆಂಡತಿಯ ತಮ್ಮ, ಅಂದರೆ ಭಾವ, ಜಗಲಿಗೆ ಓಟು ಹಾಕಿದ. ಭಾವನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲಿಲ್ಲ. ಆದರೆ ಜನರೇಟರಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ತುಂಬಿದ ಕೋಣೆಯಲ್ಲಿ ಮಲಗಿದವರು ಏಳದೇ ಹೋಗಬಹುದು. ಕೊಟ್ಟಿಗೆಯೂ ಬೇಡ, ದನಗಳಿಗೂ ಮೂಗಿದೆ ಎಂದಳು ಹೆಂಡತಿ. ಕೊನೆಗೆ ಅಂಗಳದಾಚೆ, ಕಿಟಕಿಗಳಿಂದ 20 ಅಡಿ ದೂರದಲ್ಲಿ, ನಾಲ್ಕು ಕಂಬದ ಮೇಲೆ ಝಿಂಕ್ ಶೀಟು ಹೊದೆಸಿ ಅದರಡಿ ಇಟ್ಟೆವು.

ಮೊದಲ ಸಲ ಹಗ್ಗ ಎಳೆಯುವುದನ್ನು ನೋಡಲು ಕೆಳಮನೆಯವರೆಲ್ಲ ಕೊಡೆ ಹಿಡಿದು ಬಂದರು. ನಾನು ಪೆಟ್ರೋಲ್ ಕಾಕ್ ತಿರುಗಿಸಿದೆ, ಚೋಕ್ ಎಳೆದೆ, ಕಾಲು ಊರಿ ನಿಂತೆ. ಹಗ್ಗವನ್ನು ಮೆಲ್ಲಗೆ ಎಳೆದು, ಬಿಗಿ ಸಿಕ್ಕಿದ ಮೇಲೆ ಒಮ್ಮೆಲೇ ಜಗ್ಗಬೇಕು. ಜಗ್ಗಿದೆ. ಮಿಷನ್ 'ಗೊರ್ರ್' ಎಂದಿತು. 'ಹಿಡೀತು!' ಎಂದರು ಕೆಳಮನೆ ಅಜ್ಜ. ಹಿಡಿದಿರಲಿಲ್ಲ. ಮತ್ತೆ ಜಗ್ಗಿದೆ. 'ಈಗ ಹಿಡೀತು,' ಅಜ್ಜ. 'ಚೋಕ್ ಒಳಗೆ ಹಾಕಿ ಮಾರಾಯ್ರೆ' ಎಂದರು ಅವರ ಮಗ. 'ಹೊರಗೇ ಇರಲಿ' ಎಂದ ಭಾವ. ಒಳಗೆ ಹಾಕಿ ಎಳೆದೆ, ಹೊರಗಿಟ್ಟು ಎಳೆದೆ, ಇಬ್ಬರ ಮನಸ್ಸೂ ನೋಯದಿರಲೆಂದು ಅರ್ಧಕ್ಕೆ ನಿಲ್ಲಿಸಿಯೂ ಎಳೆದೆ. ಜಗ್ಗಿದಷ್ಟೂ ಪಂಚೆ ಸಡಿಲವಾಗುತ್ತಿತ್ತು. ಎಡಗೈಯಲ್ಲಿ ಪಂಚೆ, ಬಲಗೈಯಲ್ಲಿ ಹಗ್ಗ. ಯಾವುದನ್ನು ಬಿಟ್ಟರೂ ಮರ್ಯಾದೆ ಹೋಗುವುದು ಖಂಡಿತ. 'ಸರೀರಿ ಭಾವ' ಎಂದು ಮುಂದೆ ಬಂದ ಭಾವ ಜಗ್ಗಿದ ರಭಸಕ್ಕೆ ಅವನ ಮೊಣಕೈ ಹಿಂದೆ ನಿಂತ ಅಜ್ಜನ ಕೊಡೆಗೆ ಬಡಿದು ಕೊಡೆ ಒಳಹೊರಗಾಯಿತು. ಒಳಹೊರಗಾದ ಕೊಡೆಯಡಿಯಲ್ಲೇ ನಿಂತು ಅಜ್ಜ 'ಹಿಡೀತು' ಎಂದರು. ಪ್ಲಗ್ ಒದ್ದೆಯಾಗಿದೆಯೆಂದು ಭಾವ ತೀರ್ಪು ಕೊಟ್ಟ. ಪ್ಲಗ್ ಬಿಚ್ಚಿ ಬಚ್ಚಲೊಲೆಯ ದಂಡೆಯಲ್ಲಿ ಒಣಗಿಸಿ ತಂದು ಹಾಕಿ, ಒಬ್ಬೊಬ್ಬರಾಗಿ ಎಳೆದೆವು. ಹೆಂಗಸರು ಕಾಫಿ ತಂದರು. ಕುಡಿದು ಎಳೆದೆವು.

ತೋಟಕ್ಕೆ ಬೋರ್ಡೋ ಹೊಡೆಯಲು ಬಂದು, ಮಳೆ ಬಿಡಲೆಂದು ಕೊಟ್ಟಿಗೆಯಲ್ಲಿ ಕವಳ ಹಾಕುತ್ತ ಕೂತಿದ್ದ ಹುಡುಗ ಇಷ್ಟನ್ನೂ ನೋಡುತ್ತಿದ್ದ. ಎದ್ದು ಬಂದು, ಮಿಷನ್ನಿನ ಬುಡದ ಮುಚ್ಚಳ ತಿರುಗಿಸಿ ಕಡ್ಡಿ ತೆಗೆದು ತೋರಿಸಿದ. ಒಣಕಲು. 'ಎಣ್ಣೆಯೇ ಇಲ್ವಲ್ಲ ಅಯ್ಯಾ.' ಹೊಸ ಜನರೇಟರ್ ಕಂಪನಿಯಿಂದ ಬರುವಾಗ ಇಂಜಿನ್ ಆಯಿಲ್ ಇರುವುದಿಲ್ಲವಂತೆ. ಆಯಿಲ್ ಇಲ್ಲದಿದ್ದರೆ ಕಿಡಿ ಹಾರದಂತೆ ತಡೆಯುವ ಒಂದು ಸೆನ್ಸರ್ ಒಳಗಿದೆಯಂತೆ. ಅಂಗಳದಲ್ಲಿದ್ದವರ ಪೈಕಿ ಬುದ್ಧಿಯಿಂದ ವರ್ತಿಸಿದ್ದು ಅದೊಂದೇ. ಬೈಕಿಗೆಂದು ತಂದಿಟ್ಟಿದ್ದ ಆಯಿಲ್ ಸುರಿದದ್ದಾಯಿತು. ಹುಡುಗ ಕವಳ ಉಗಿಯದೆ, ಒಂದೇ ಕೈಯಲ್ಲಿ, ಒಂದೇ ಸಲ ಎಳೆದ. ಹಿಡಿಯಿತು. ಆಗ ಮಾತ್ರ ಅಜ್ಜ ಏನೂ ಹೇಳಲಿಲ್ಲ.

ಇನ್ನು ಮನೆಗೆ ಜೋಡಿಸುವುದು. ಭಾವ ಮೊದಲೇ ಒಂದು ವಯರ್ ತಯಾರು ಮಾಡಿಟ್ಟಿದ್ದ. ಎರಡೂ ತುದಿಗೆ ಪಿನ್. ಒಂದು ತುದಿ ಜನರೇಟರಿಗೆ, ಇನ್ನೊಂದು ಅಡುಗೆಮನೆಯ ಪ್ಲಗ್ಗಿಗೆ ಚುಚ್ಚಿದರೆ ಮನೆಯ ವಯರಿಂಗ್ ಹಿಂದುಮುಂದಾಗಿ ಎಲ್ಲ ದೀಪ ಉರಿಯುತ್ತವೆ, ಖರ್ಚಿಲ್ಲ. 'ಮೇನ್ ಆಫ್ ಮಾಡಿದ್ರಾಯ್ತು.' ಅಷ್ಟು ಹೊತ್ತಿಗೆ ನಮ್ಮ ತೋಟದಂಚಿನ ಲೈನ್ ನೋಡಿಕೊಂಡು ಹೋಗಲು ಬಂದ ಲೈನ್‌ಮ್ಯಾನ್ ಜಗಲಿ ಕಟ್ಟೆಯ ಮೇಲೆ ಕೂತು ಕಾಲಿನ ಉಂಬಳ ಕೀಳುತ್ತಿದ್ದ. ವಯರ್ ಅವನ ಕಣ್ಣಿಗೆ ಬಿತ್ತು.

'ಇದು ಯಾರು ಮಾಡಿದ್ದು?'

ಭಾವ ಹೆಮ್ಮೆಯಿಂದ ಎದೆ ಮುಟ್ಟಿಕೊಂಡ. ಲೈನ್‌ಮ್ಯಾನ್ ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. 'ಮೇನ್ ಆಫ್ ಮಾಡೋದು ಒಂದು ದಿನ ಮರೀತೀರಿ. ನಿಮ್ಮ 230 ವೋಲ್ಟು ಹಿಂದಿನಿಂದ ಟಿಸಿಗೆ ನುಗ್ತದೆ. ನಿಮಗೆ ಇಳಿಸಿ ಕೊಡೋ ಟಿಸಿ ಆವಾಗ ಏರಿಸ್ತದೆ. ಹೋಗೋದು 11,000ದ ಲೈನಿಗೆ. ಲೈನ್ ಆಫ್ ಇದೆ ಅಂತ ನಾನು ಕಂಬ ಹತ್ತಿರ್ತೀನಿ.' ಇನ್ನೊಂದು ಉಂಬಳ ಕಿತ್ತು ಸುಣ್ಣ ಹಚ್ಚಿದ. 'ಆ ಪಿನ್ನಿನ ತುದೀಲೂ ಕರೆಂಟ್ ಇರ್ತದೆ. ಮಕ್ಕಳಿರೋ ಮನೆ.'

ಹಿಂದಿನ ರಾತ್ರಿ ಕತ್ತಲಲ್ಲಿ ಕೂತು ನಾನು ಬೈದದ್ದು ಈ ಮನುಷ್ಯನನ್ನೇ. ಅವನು ಕಾಫಿ ಮುಗಿಸಿ, ಹಗ್ಗದ ಸುರುಳಿ ಹೆಗಲಿಗೇರಿಸಿ ಮಳೆಗೆ ಇಳಿದ. ನಾನು ಕತ್ತಿ ತಂದು ಭಾವನ ವಯರಿನ ಒಂದು ಪಿನ್ ಕಡಿದೆ. ಭಾವ ಮಾತು ಬಿಟ್ಟ. ಮನೆಯಲ್ಲಿ ಜನರೇಟರಿನ ಸದ್ದು ಮಾತ್ರ ಉಳಿದದ್ದರಿಂದ ಸ್ವಲ್ಪ ನೆಮ್ಮದಿಯೇ ಆಯಿತೆನ್ನಿ.

ಪೇಟೆಯ ಎಲೆಕ್ಟ್ರಿಷಿಯನ್ ಬಂದು ಚೇಂಜ್‌ಓವರ್ ಸ್ವಿಚ್ ಕೂರಿಸಿದ. ಹಿಡಿ ಮೇಲಿದ್ದರೆ ಸರ್ಕಾರದ ಕರೆಂಟು, ಕೆಳಗಿದ್ದರೆ ನನ್ನದು, ನಡುವೆ ಯಾರದ್ದೂ ಅಲ್ಲ. ಎರಡೂ ಸೇರಲು ದಾರಿಯೇ ಇಲ್ಲ.

2 ಕೆವಿಎ ಎಂದರೆ ಕೈಗೆ ಸಿಗುವುದು ಸುಮಾರು 1600 ವ್ಯಾಟ್. ಬಾವಿಯ ಮೋಟರು 1 ಎಚ್‌ಪಿ, ಅಂದರೆ 746 ವ್ಯಾಟ್, ಧಾರಾಳವಾಯಿತು ಎಂದು ಕೂಡಿ ಕಳೆದಿದ್ದೆ. ಮೋಟರು ಹೊರಡುವ ಗಳಿಗೆಯಲ್ಲಿ ಅದರ ಹಲವು ಪಟ್ಟು ಕೇಳುತ್ತದೆಂದು ತಿಳಿದದ್ದು ಮನೆಯ ದೀಪಗಳೆಲ್ಲ ಕೆಂಪಗಾಗಿ, ಜನರೇಟರ್ ನರಳತೊಡಗಿದಾಗ. ಅಂದಿನಿಂದ ಕಟ್ಟುನಿಟ್ಟು: ಮೋಟರು ಹಾಕುವಾಗ ಫ್ರಿಜ್ ಬಂದ್, ಮಿಕ್ಸಿ ತಿರುಗುವಾಗ ಮೋಟರು ಬಂದ್, ಗೀಸರಿನ ಹೆಸರೆತ್ತುವ ಹಾಗಿಲ್ಲ. ಅಡುಗೆಮನೆಯಿಂದ 'ಮಿಕ್ಸಿ ಹಾಕ್ಲಾ?' ಎಂದು ದನಿ ಬರುತ್ತದೆ. ನಾನು ಅಂಗಳದಿಂದ ಕೈ ಎತ್ತಿ ಅಪ್ಪಣೆ ಕೊಡುತ್ತೇನೆ. ಮದುವೆಯಾದಂದಿನಿಂದ ಆ ಕಡೆಯಿಂದ ನನ್ನ ಅಪ್ಪಣೆ ಯಾರೂ ಕೇಳಿರಲಿಲ್ಲ. ಪೆಟ್ರೋಲಿಗೆ ಸುರಿದ ದುಡ್ಡೆಲ್ಲ ಅಲ್ಲಿಗೆ ವಸೂಲಾಯಿತು.

ಸಂಜೆ ಕೆಳಮನೆಯವರು ಮೊಬೈಲುಗಳನ್ನು ಚಾರ್ಜಿಗೆ ತರುತ್ತಾರೆ. ಜಗಲಿಯಲ್ಲಿ ಎಕ್ಸ್‌ಟೆನ್ಷನ್ ಬಾಕ್ಸ್ ಇಟ್ಟು, ಯಾರ ಫೋನು ಎಷ್ಟಾಯಿತೆಂದು ನಾನೇ ನೋಡಿ ಹೇಳುತ್ತೇನೆ. ಹಾಗೆ ಒಂದು ಸಂಜೆ, ಮಳೆ ಸ್ವಲ್ಪ ತೆಳುವಾದಾಗ, ಗದ್ದೆಯಾಚೆ ಅವರ ಮನೆಯ ಜಗಲಿಯಲ್ಲಿ ಬಲ್ಬು ಉರಿಯುವುದು ಕಂಡಿತು.

'ಅಲ್ಲಾ, ಕರೆಂಟು ಬಂದಿದೆಯಾ?'

'ಮಧ್ಯಾಹ್ನವೇ ಬಂತಲ್ಲ' ಎಂದರು ಅಜ್ಜ.

ಚೇಂಜ್‌ಓವರಿನ ಹಿಡಿ ಕೆಳಗಿದ್ದರೆ ಸರ್ಕಾರದ್ದು ಬಂದದ್ದು ಮನೆಗೆ ಗೊತ್ತೇ ಆಗುವುದಿಲ್ಲ. ಅದು ಸರಿ. 'ಮತ್ತೆ ಮೊಬೈಲು ಇಲ್ಲಿಗೆ ಯಾಕೆ ತಂದ್ರಿ?'

ಅಜ್ಜ ಮಗನ ಮುಖ ನೋಡಿದರು. ಮಗ ನನ್ನ ಹೆಂಡತಿಯ ಮುಖ ನೋಡಿದರು. 'ತರದಿದ್ರೆ ನಿಮಗೆ ಬೇಜಾರಾಗ್ತದೇನೋ ಅಂತ.'

ನಾನು ಹಿಡಿ ಮೇಲೆತ್ತಿದೆ. ಮಿಷನ್ ಮಾತ್ರ ನಿಲ್ಲಿಸಲಿಲ್ಲ. ಪೆಟ್ರೋಲ್ ಕಾಕ್ ಮುಚ್ಚಿ, ಪೈಪಿನಲ್ಲಿ ಉಳಿದದ್ದು ಖಾಲಿಯಾಗುವವರೆಗೆ ಓಡಲು ಬಿಟ್ಟೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಉಳಿದರೆ ಅಂಟು ಕಟ್ಟುತ್ತದೆ, ಹೀಗೇ ಮಾಡಬೇಕು ಎಂದು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದೆ. ಆ ಸದ್ದಿನಲ್ಲಿ ಯಾರಿಗೂ ಕೇಳಿಸಿದಂತೆ ಕಾಣಲಿಲ್ಲ.